1,86,000 ಕಾಮೆಂಟ್, ಒಂದು ಟ್ರಿಗರ್: ಅಮೆರಿಕದ ಬಂಪ್ ಸ್ಟಾಕ್ ರೂಲ್‌ನ ಪೂರ್ತಿ ಕಥೆ

ಮೊನ್ನೆ ಕನ್ನಡ ಸಂಘದ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹುಡುಗ ಕೇಳಿದ, "ಅಣ್ಣಾ, ಇಲ್ಲಿ ಗನ್ ಬಗ್ಗೆ ಸರ್ಕಾರ ಹೊಸ ರೂಲ್ ತರೋಕ್ ಮುಂಚೆ ಜನರ ಹತ್ರ ಕಾಮೆಂಟ್ ಕೇಳ್ತಾರಂತಲ್ಲ, ನಮ್ಮಂಥವ್ರು ಬರೆದ್ರೆ ಯಾರಾದ್ರೂ ಓದ್ತಾರಾ?" ಓದ್ತಾರೆ ಕಣಪ್ಪಾ, ಓದ್ಲೇಬೇಕು, ಸಿಟಿಜನ್ ಆಗಿರ್ಬೇಕು ಅಂತಾನೂ ಇಲ್ಲ, ವೀಸಾದಲ್ಲಿ ಇರೋರೂ ಬರೀಬಹುದು ಅಂದೆ. ಆದ್ರೆ ಓದಿದ್ಮೇಲೆ ಏನಾಗುತ್ತೆ ಅನ್ನೋದನ್ನ ಒಂದು ಅನ್ನ ಸಾರಿನ ಹೊತ್ತಲ್ಲಿ ಹೇಳೋಕಾಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ನಾನು ತಗೊಂಡಿರೋದು ಒಂದೇ ಪ್ರಕರಣ, ರೈಫಲ್ ಮೆಷಿನ್ ಗನ್ ಥರ ಬೇಗ ಬೇಗ ಗುಂಡು ಹಾರಿಸೋ ಹಾಗೆ ಮಾಡೋ ಬಂಪ್ ಸ್ಟಾಕ್ ಅನ್ನೋ ಸಾಧನವನ್ನ ನಿಷೇಧಿಸಿದ ರೂಲ್, 2017ರಿಂದ 2024ರವರೆಗೆ. ಇದನ್ನ ಬುಡದಿಂದ ತುದಿವರೆಗೆ ನೋಡಿದ್ರೆ ಕಾಮೆಂಟ್ ಅನ್ನೋದಕ್ಕೆ ಎಷ್ಟು ಶಕ್ತಿ ಇದೆ, ಎಲ್ಲಿಗೆ ಬಂದು ಆ ಶಕ್ತಿ ಮುಗಿಯುತ್ತೆ ಅನ್ನೋದು ಎರಡೂ ಗೊತ್ತಾಗುತ್ತೆ.

ಶುರುವಾಗಿದ್ದು ಒಂದು ರಾತ್ರಿಯಿಂದ. 2017 ಅಕ್ಟೋಬರ್ 1, ಲಾಸ್ ವೇಗಸ್, ರೂಟ್ 91 ಹಾರ್ವೆಸ್ಟ್ ಅನ್ನೋ ಸಂಗೀತೋತ್ಸವ, ಬಯಲಲ್ಲಿ ಇಪ್ಪತ್ತು ಸಾವಿರದ ಮೇಲೆ ಜನ. ಎದುರಿಗೆ ಮ್ಯಾಂಡಲೇ ಬೇ ಹೋಟೆಲಿನ 32ನೇ ಮಹಡಿಯ ಕಿಟಕಿಯಿಂದ ಒಬ್ಬ ಹತ್ತು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. ಆಗ ಸತ್ತವರು 58 ಜನ, ಗಾಯದಿಂದ ಆಮೇಲೆ ತೀರ್ಕೊಂಡವರನ್ನ ಸೇರಿಸಿದ್ರೆ 60. ಅವನ ರೂಮಿನಲ್ಲಿ ಸಿಕ್ಕ ರೈಫಲ್‌ಗಳಲ್ಲಿ ಹಲವಕ್ಕೆ ಬಂಪ್ ಸ್ಟಾಕ್ ಹಾಕಿತ್ತು. ಅವತ್ತಿನವರೆಗೆ ಗನ್ ಇಟ್ಕೊಂಡಿರೋ ಎಷ್ಟೋ ಅಮೆರಿಕನ್ನರಿಗೇ ಆ ಹೆಸರು ಗೊತ್ತಿರ್ಲಿಲ್ಲ.

ಅದೇನು ಅಂತ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಏಳು ವರ್ಷದ ಜಗಳ ಪೂರ್ತಿ ಬೆರಳಿಗೂ ಟ್ರಿಗರ್‌ಗೂ ನಡುವೆ ಇರೋ ಒಂದಿಷ್ಟು ಜಾಗದಲ್ಲೇ ನಡೆದಿದ್ದು. ಸೆಮಿ ಆಟೋಮ್ಯಾಟಿಕ್ ರೈಫಲ್‌ನಲ್ಲಿ ಟ್ರಿಗರ್ ಒತ್ತಿದ್ರೆ ಒಂದು ಗುಂಡು. ಆ ಗುಂಡಿನ ಒತ್ತಡಕ್ಕೇ ಒಳಗಿನ ಬೋಲ್ಟ್ ಹಿಂದೆ ಹೋಗಿ ಖಾಲಿ ತೋಟೆ ಆಚೆ ಎಸೆದು ಮುಂದಿನದನ್ನ ಒಳಗೆ ಕೂರಿಸುತ್ತೆ, ಆದ್ರೆ ಗುಂಡು ಸಿಡಿಸೋ ಸುತ್ತಿಗೆಯಂಥ ಹ್ಯಾಮರನ್ನ ಒಂದು ಕೊಕ್ಕೆ ಹಿಡ್ಕೊಂಡಿರುತ್ತೆ, ಬೆರಳು ಸಡಿಲ ಬಿಟ್ಟು ಟ್ರಿಗರ್ ಮುಂದಕ್ಕೆ ಬಂದು ರೀಸೆಟ್ ಆಗೋವರೆಗೆ ಇನ್ನೊಂದು ಗುಂಡು ಹಾರಲ್ಲ. ಬಂಪ್ ಸ್ಟಾಕ್ ಅಂದ್ರೆ ರೈಫಲ್‌ನ ಹಿಂಭಾಗದ ಹಿಡಿ ತೆಗೆದು ಅಲ್ಲಿ ಕೂರಿಸೋ ಒಂದು ಪ್ಲಾಸ್ಟಿಕ್ ಚೌಕಟ್ಟು, ಅದರೊಳಗೆ ಇಡೀ ಗನ್ ಹಿಂದೆ ಮುಂದೆ ಜಾರುತ್ತೆ. ಬೆರಳು ಊರೋಕೆ ಒಂದು ಸಣ್ಣ ಕಟ್ಟೆ ಇರುತ್ತೆ. ಬಲಗೈ ಬೆರಳನ್ನ ಅದರ ಮೇಲೆ ಊರಿ ಎಡಗೈಲಿ ಗನ್ನನ್ನ ಮುಂದಕ್ಕೆ ದೂಡ್ತಾ ಇದ್ರೆ, ಗುಂಡು ಹಾರಿದ ಹೊಡೆತಕ್ಕೆ ಗನ್ ಒಂದೂವರೆ ಇಂಚು ಹಿಂದೆ ಜಾರುತ್ತೆ, ಟ್ರಿಗರ್ ಬೆರಳಿಂದ ಬಿಡಿಸ್ಕೊಳ್ಳುತ್ತೆ, ಎಡಗೈ ದೂಡಿದ್ದಕ್ಕೆ ಮತ್ತೆ ಮುಂದೆ ಬಂದು ಅದೇ ಬೆರಳಿಗೆ ಬಡಿಯುತ್ತೆ, ಇನ್ನೊಂದು ಗುಂಡು. ಬೆರಳು ಇದ್ದಲ್ಲೇ ಇರುತ್ತೆ, ಗನ್ನೇ ಬಂದು ಬೆರಳಿಗೆ ಗುದ್ಕೊಳ್ಳುತ್ತೆ. ನಿಮಿಷಕ್ಕೆ 400ರಿಂದ 800 ಗುಂಡಿನ ವೇಗ.

ಈಗ ಕಾನೂನು. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಟ್ರಿಗರ್‌ನ ಒಂದೇ ಕ್ರಿಯೆಗೆ, ಮತ್ತೆ ಕೈಯಿಂದ ಲೋಡ್ ಮಾಡದೆ, ತಾನಾಗಿಯೇ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸೋದು ಮೆಷಿನ್ ಗನ್. 1986ರಿಂದ ಈಚೆಗೆ ತಯಾರಾದ ಮೆಷಿನ್ ಗನ್ ಸಾಮಾನ್ಯ ಜನ ಇಟ್ಕೊಳ್ಳೋ ಹಾಗೇ ಇಲ್ಲ, ಸಿಕ್ಕಿಬಿದ್ರೆ ಹತ್ತು ವರ್ಷದವರೆಗೆ ಜೈಲು. ಬಂಪ್ ಸ್ಟಾಕ್ ಈ ವ್ಯಾಖ್ಯಾನದೊಳಗೆ ಬರುತ್ತಾ ಅಂತ ಹೇಳೋದು ಎಟಿಎಫ್ ಕೆಲಸ, ಅಂದ್ರೆ ಮದ್ಯ, ತಂಬಾಕು, ಬಂದೂಕು, ಸ್ಫೋಟಕ ನೋಡ್ಕೊಳ್ಳೋ ಫೆಡರಲ್ ಏಜೆನ್ಸಿ. ಅವರು 2006ರಲ್ಲಿ ಒಳಗೆ ಸ್ಪ್ರಿಂಗ್ ಇರೋ ಒಂದು ಮಾಡೆಲ್‌ನ ಮೆಷಿನ್ ಗನ್ ಅಂದ್ರು. 2010ರಲ್ಲಿ ಟೆಕ್ಸಸ್‌ನ ಸ್ಲೈಡ್ ಫೈರ್ ಕಂಪನಿ ಸ್ಪ್ರಿಂಗ್ ಇಲ್ಲದ್ದನ್ನ ಕಳಿಸಿ ಕೇಳಿದಾಗ, ಇದ್ರಲ್ಲಿ ತಾನಾಗಿ ಕೆಲಸ ಮಾಡೋ ಭಾಗ ಯಾವುದೂ ಇಲ್ಲ, ಹಾಗಾಗಿ ಮೆಷಿನ್ ಗನ್ ಅಲ್ಲ ಅಂತ ಪತ್ರ ಕೊಟ್ರು. 2008ರಿಂದ 2017ರೊಳಗೆ ಇಂಥ ಹತ್ತು ಪತ್ರ ಎಟಿಎಫ್‌ನಿಂದಲೇ ಹೋಗಿವೆ. ಜನ ಆ ಪತ್ರ ನಂಬಿ ದುಡ್ಡು ಕೊಟ್ಟು ತಗೊಂಡ್ರು. ಎಷ್ಟು ಪೀಸ್ ಮಾರಾಟ ಆಗಿರಬಹುದು ಅನ್ನೋದಕ್ಕೆ ಎಟಿಎಫ್ ಆಮೇಲೆ ಕೊಟ್ಟ ಅಂದಾಜು 2,80,000ದಿಂದ 5,20,000. ಈ ಹತ್ತು ಪತ್ರ ನೆನಪಲ್ಲಿಟ್ಕೊಳ್ಳಿ, ಮುಂದೆ ಅವೇ ಎಟಿಎಫ್ ಕಾಲಿಗೆ ತೊಡರಿದ್ದು.

ವೇಗಸ್ ಆದ ಮೂರೇ ದಿನಕ್ಕೆ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಬಂಪ್ ಸ್ಟಾಕ್ ನಿಷೇಧಕ್ಕೆ ಬಿಲ್ ತಂದ್ರು, ಇದಕ್ಕೆ ಕಾನೂನೇ ಬೇಕು, ಏಜೆನ್ಸಿ ರೂಲ್‌ನಿಂದ ಆಗಲ್ಲ ಅಂತ ಗಟ್ಟಿಯಾಗೇ ಹೇಳಿದ್ರು. ಅತ್ತ ಗನ್ ಹಕ್ಕಿನ ಪರ ನಿಲ್ಲೋ ದೊಡ್ಡ ಸಂಘಟನೆ ಎನ್‌ಆರ್‌ಎ, ಎಟಿಎಫ್ ಇದನ್ನ ಮತ್ತೆ ಪರಿಶೀಲಿಸ್ಲಿ ಅಂತ ಹೇಳಿಕೆ ಕೊಡ್ತು. ಕಾಂಗ್ರೆಸ್‌ನವರಿಗೆ, ಅಂದ್ರೆ ಅಮೆರಿಕದ ಸಂಸತ್ತಿನವರಿಗೆ, ಅದು ಒಳ್ಳೆ ದಾರಿ ಆಯ್ತು ಅಂತ ನನಗನ್ಸುತ್ತೆ, ವೋಟ್ ಹಾಕಿ ಹೆಸರು ಕೆಡಿಸ್ಕೊಳ್ಳೋದು ಯಾಕೆ, ಏಜೆನ್ಸಿ ಮಾಡ್ಲಿ ಬಿಡಿ ಅಂತ. ಬಿಲ್ ಅಲ್ಲೇ ಕೂತ್ಕೊಳ್ತು.

2017 ಡಿಸೆಂಬರ್ 26ಕ್ಕೆ ಎಟಿಎಫ್ ಮೊದಲ ಸುತ್ತಿನ ನೋಟಿಸ್ ಕೊಡ್ತು, ಒಂದು ತಿಂಗಳಲ್ಲಿ 1,00,000ಕ್ಕೂ ಹೆಚ್ಚು ಕಾಮೆಂಟ್ ಬಂತು. ಮಧ್ಯೆ ಫೆಬ್ರವರಿ 14ಕ್ಕೆ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಹೈಸ್ಕೂಲಲ್ಲಿ 17 ಜನರ ಕೊಲೆ ಆಯ್ತು, ಅಲ್ಲಿ ಬಂಪ್ ಸ್ಟಾಕ್ ಇರ್ಲಿಲ್ಲ, ಆದ್ರೆ ದೇಶದ ಸಿಟ್ಟು ನೆತ್ತಿಗೇರಿತ್ತು. ಫೆಬ್ರವರಿ 20ಕ್ಕೆ ಅಧ್ಯಕ್ಷ ಟ್ರಂಪ್, ಇದನ್ನ ನಿಷೇಧಿಸೋ ರೂಲ್ ಬೇಗ ತನ್ನಿ ಅಂತ ಅಟಾರ್ನಿ ಜನರಲ್‌ಗೆ ಮೆಮೋ ಕಳಿಸಿದ್ರು. ಮಾರ್ಚ್ 29ಕ್ಕೆ ಕರಡು ರೂಲ್ ಫೆಡರಲ್ ರಿಜಿಸ್ಟರ್‌ನಲ್ಲಿ ಬಂತು.

ಫೆಡರಲ್ ರಿಜಿಸ್ಟರ್ ಅಂದ್ರೆ ಅವರ ರಾಜ್ಯಪತ್ರ. ನಮ್ಮ ಕಡೆ ಕರ್ನಾಟಕ ರಾಜ್ಯಪತ್ರದಲ್ಲೂ ಕರಡು ನಿಯಮ ಹಾಕಿ ಆಕ್ಷೇಪಣೆ, ಸಲಹೆ ಇದ್ರೆ ಇಷ್ಟು ದಿನದೊಳಗೆ ಕೊಡಿ ಅಂತಾರಲ್ಲ, ಅದೇ ಜಾತಿ. ಆದ್ರೆ ನಮ್ಮಲ್ಲಿ ಅಂತಿಮ ಅಧಿಸೂಚನೇಲಿ "ಸ್ವೀಕೃತವಾದ ಆಕ್ಷೇಪಣೆಗಳನ್ನು ಸರ್ಕಾರವು ಪರಿಗಣಿಸಿದೆ" ಅಂತ ಒಂದು ಸಾಲು ಬಂದ್ರೆ ಹೆಚ್ಚು, ಯಾರು ಏನು ಅಂದ್ರು, ಯಾಕೆ ಒಪ್ಪಲಿಲ್ಲ ಅನ್ನೋದು ಹೊರಗೆ ಬರೋದು ಕಮ್ಮಿ. ಇಲ್ಲಿ 1946ರ ಅಡ್ಮಿನಿಸ್ಟ್ರೇಟಿವ್ ಪ್ರೊಸೀಜರ್ ಆ್ಯಕ್ಟ್ ಇದೆ, ಅದನ್ನ ಕೋರ್ಟುಗಳು ಅರ್ಥ ಮಾಡ್ಕೊಂಡು ಬಂದಿರೋ ರೀತಿಯಲ್ಲಿ, ತೂಕ ಇರೋ ಪ್ರತಿ ವಾದಕ್ಕೂ ಏಜೆನ್ಸಿ ಅಂತಿಮ ರೂಲ್‌ನಲ್ಲಿ ಬರಹದಲ್ಲಿ ಉತ್ತರ ಕೊಡ್ಬೇಕು. ಕೊಡದೆ ಹೋದ್ರೆ ರೂಲೇ ಬಿದ್ದೋಗಬಹುದು. ಬಂದೂಕಿನ ವಿಷಯಕ್ಕೆ ಇನ್ನೊಂದು ಕಟ್ಟುಪಾಡು ಹೆಚ್ಚಿಗೆ, 1986ರ ಕಾನೂನಿನ ಪ್ರಕಾರ ಕನಿಷ್ಠ 90 ದಿನ ಸಾರ್ವಜನಿಕರಿಗೆ ಸಮಯ ಕೊಡ್ಬೇಕು, ಅಹವಾಲು ಹೇಳ್ಕೊಳ್ಳೋ ಅವಕಾಶವನ್ನೂ ಕೊಡ್ಬೇಕು. ಮಾರ್ಚ್ 29ರಿಂದ ಜೂನ್ 27, ಸರಿಯಾಗಿ 90 ದಿನ, ಒಂದು ದಿನ ಆ ಕಡೆ ಇಲ್ಲ ಈ ಕಡೆ ಇಲ್ಲ.

ಅದರಲ್ಲೂ ಒಂದು ಎಡವಟ್ಟಾಯ್ತು. ಮೊದಲ ದಿನಗಳಲ್ಲಿ ಕಾಮೆಂಟ್ ಹಾಕೋಕ್ ಹೋದ ಕೆಲವರಿಗೆ ಪೋರ್ಟಲ್‌ನಲ್ಲಿ "ಅವಧಿ ಮುಗಿದಿದೆ" ಅಂತ ತೋರಿಸ್ತು, ಹಳೇ ನೋಟಿಸಿಗೂ ಹೊಸದಕ್ಕೂ ಗೊಂದಲ ಆಗಿತ್ತು. ಲೆಕ್ಕಕ್ಕೆ ಪಕ್ಕಾ 90 ದಿನವೇ ಇಟ್ಟಿದ್ರಿಂದ, ಐದು ದಿನ ಹಾಳಾಯ್ತು, ಹಾಗಾದ್ರೆ 90 ಆಗ್ಲೇ ಇಲ್ಲ ಅಂತ ವಿರೋಧಿಗಳು ಹಿಡ್ಕೊಂಡ್ರು, ಕೋರ್ಟ್‌ವರೆಗೂ ಒಯ್ದ್ರು. ಖುದ್ದಾಗಿ ಹಿಯರಿಂಗ್ ಬೇಕು ಅಂತ ಕೇಳಿದ್ದನ್ನೂ ಎಟಿಎಫ್ ಕೊಡ್ಲಿಲ್ಲ, ಬರವಣಿಗೆಯಲ್ಲಿ ಹೇಳಿದ್ರೆ ಸಾಕು ಅಂತು. ಕೋರ್ಟ್ ಎರಡನ್ನೂ ವಿರೋಧಿಗಳ ಪರ ಒಪ್ಪಲಿಲ್ಲ, ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಐದು ದಿನ ಮುಂದೆ ಹಾಕಿದ್ರೆ ಎಟಿಎಫ್ ಗಂಟೇನೂ ಹೋಗ್ತಿರ್ಲಿಲ್ಲ. ಜನರ ಮಾತು ಕೇಳ್ತೀವಿ ಅಂತ ಬಾಗಿಲು ತೆಗೆದ ಮೇಲೆ ಅಗುಳಿ ಪೂರ್ತಿ ತೆಗೀಬೇಕು.

ಬಂದಿದ್ದು 1,86,000ಕ್ಕೂ ಹೆಚ್ಚು ಕಾಮೆಂಟ್. ಎಟಿಎಫ್ ಎಣಿಕೆ ಪ್ರಕಾರ ರೂಲ್ ಪರ 1,19,264, ವಿರುದ್ಧ 66,182, ಏನು ಹೇಳ್ತಿದಾರೆ ಅಂತ ತಿಳೀದೆ ಇದ್ದಿದ್ದು 657. ಪರ ಬಂದಿದ್ದನ್ನ ಬಿಡಿಸಿ ನೋಡಿದ್ರೆ 14,618 ಮೂರು ರೆಡಿಮೇಡ್ ಪತ್ರಗಳಲ್ಲಿ ಒಂದನ್ನ ಕಾಪಿ ಮಾಡಿ ಕಳ್ಸಿದ್ದು, 51,454 ಸಂಘಟನೆಗಳ ಮೂಲಕ ಬಂದ ಮನವಿ ಥರದ್ದು, ಉಳಿದ 53,192 ಜನ ತಮ್ಮದೇ ಮಾತಲ್ಲಿ ಬರೆದಿದ್ದು. ವಿರೋಧದಲ್ಲೂ ಹಾಗೇ, 40,000ಕ್ಕೂ ಹೆಚ್ಚು ಒಂದೇ ಗನ್ ಹಕ್ಕಿನ ಸಂಘಟನೆಯ ಸದಸ್ಯರ ಕಡೆಯಿಂದ ಬಂದಿದ್ದು.

ಆ ಐವತ್ಮೂರು ಸಾವಿರದ ಬಗ್ಗೆ ಒಂದು ಮಾತು ಹೇಳ್ಬೇಕು. ನನಗೆ ಬೇರೆ ಬೇರೆ ಸಂಜೆ ಕೂತು ಒಂದಷ್ಟು ಓದೋ ಅಭ್ಯಾಸ ಆಗಿತ್ತು. ಕಾಮೆಂಟ್ ಬಾಕ್ಸಿಗೆ 5,000 ಅಕ್ಷರದ ಮಿತಿ ಇದೆ, ಬಹಳ ಜನ ಅದರ ಕಾಲು ಭಾಗವೂ ತುಂಬಿಸಿಲ್ಲ. ಇಂಥ ವಸ್ತು ಮನೇಲಿ ಯಾರಿಗೆ ಬೇಕು, ಬೇಟೆಗೂ ಬೇಡ, ಆತ್ಮರಕ್ಷಣೆಗೂ ಬೇಡ ಅನ್ನೋರು, ಸೈನ್ಯದಲ್ಲಿದ್ದೆ, ಇದು ಊರೊಳಗೆ ಇರಬಾರದು ಅನ್ನೋರು, ನಾನೂ ಗನ್ ಇಟ್ಕೊಂಡಿದೀನಿ ಆದ್ರೂ ಇದು ಬೇಡ ಅನ್ನೋರು. ಓದ್ತಾ ಓದ್ತಾ ಹೊಟ್ಟೇಲಿ ಸಂಕಟ ಆಗುತ್ತೆ. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ, ಏನೂ ಇಲ್ಲ. ನಾನೂ ಅವರ ಪಕ್ಷವೇ, ಇದನ್ನ ಬರೀವಾಗ ಮುಚ್ಚಿಡೋಕೆ ಏನೂ ಇಲ್ಲ. ಆದ್ರೆ ಅವ್ರು ಉತ್ತರ ಕೊಟ್ಟಿದ್ದು "ಇದು ಇರ್ಬೇಕಾ ಬೇಡ್ವಾ" ಅನ್ನೋ ಪ್ರಶ್ನೆಗೆ. ಎಟಿಎಫ್ ಮುಂದೆ ಕಾನೂನು ಇಟ್ಟಿದ್ದ ಪ್ರಶ್ನೆ ಬೇರೆ, 1934ರಲ್ಲಿ ಬರೆದ ಆ ಒಂದು ವಾಕ್ಯದೊಳಗೆ ಈ ಪ್ಲಾಸ್ಟಿಕ್ ತುಂಡು ಹಿಡಿಸುತ್ತಾ ಅನ್ನೋದು.

ವಿರೋಧದವರು ಹೆಚ್ಚುಕಮ್ಮಿ ಆ ಪ್ರಶ್ನೆಗೇ ಜೋತುಬಿದ್ರು. ಸೆಕೆಂಡ್ ಅಮೆಂಡ್‌ಮೆಂಟ್, ಅಂದ್ರೆ ಸಂವಿಧಾನ ಕೊಟ್ಟ ಬಂದೂಕಿನ ಹಕ್ಕು ಅಂತ ಕೂಗಿದವ್ರೂ ಸಾಕಷ್ಟಿದ್ರು, ಅದನ್ನ ಬಿಡಿ. ನನ್ನ ಗಮನಕ್ಕೆ ಬಂದಿದ್ದು ಕಾನೂನು ಓದ್ಕೊಂಡು, ಗನ್ ಬಿಚ್ಚಿ ನೋಡಿ ಬರೆದವ್ರು. ಬಂಪ್ ಸ್ಟಾಕ್ ಇದ್ರೂ ಪ್ರತಿ ಗುಂಡಿಗೂ ಟ್ರಿಗರ್ ಬಿಡಬೇಕು, ರೀಸೆಟ್ ಆಗ್ಬೇಕು, ಮತ್ತೆ ಒತ್ತಬೇಕು, ಹಾಗಾಗಿ ಅದು ಒಂದೇ ಕ್ರಿಯೆ ಹೇಗಾಗುತ್ತೆ ಅಂತ ಕೇಳಿದ್ರು. ಎಡಗೈಲಿ ದೂಡದೆ ಇದ್ರೆ ಎರಡನೇ ಗುಂಡೇ ಹಾರಲ್ಲ, ಅದು ತಾನಾಗಿ ಹೇಗಾಗುತ್ತೆ ಅಂತ ಕೇಳಿದ್ರು. ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಪ್ಯಾಂಟಿನ ಬೆಲ್ಟ್ ಹಾಕೋ ಕೊಕ್ಕೆಗೆ ಹೆಬ್ಬೆರಳು ತೂರಿಸಿ ಇದೇ ವೇಗ ತರಬಹುದು, ಹಾಗಾದ್ರೆ ನನ್ನ ಪ್ಯಾಂಟೂ ಮೆಷಿನ್ ಗನ್ನಾ ಅಂತಾನೂ ಕೇಳಿದ್ರು, ಕೇಳೋಕೆ ತಮಾಷೆ ಅನ್ಸಿದ್ರೂ ಎಟಿಎಫ್ ಅದಕ್ಕೂ ಗಂಭೀರವಾಗಿ ಉತ್ತರ ಬರೀಬೇಕಾಯ್ತು, ಅವು ತಾನಾಗಿ ನಡೆಯೋ ಯಂತ್ರ ಅಲ್ಲ, ಬಂಪ್ ಸ್ಟಾಕ್ ಗನ್ನಿನ ಹೊಡೆತವನ್ನ ಹಿಡಿದು ಒಂದು ದಾರೀಲಿ ಕಳ್ಸುತ್ತೆ ಅಂತ. ಹತ್ತು ಸಲ ಅಲ್ಲ ಅಂದವ್ರು ಈಗ ಹೌದು ಅಂತಿದೀರಲ್ಲ, ಕಾನೂನು ಬದಲಾಯ್ತಾ, ವಸ್ತು ಬದಲಾಯ್ತಾ ಅಂತ ಹಳೇ ಪತ್ರಗಳನ್ನ ಎದುರಿಗಿಟ್ರು. ಅಧ್ಯಕ್ಷರು ಮೊದಲೇ ತೀರ್ಮಾನ ಹೇಳಿಯಾಗಿದೆ, ಇನ್ನು ನಮ್ಮನ್ನ ಕೇಳೋದೇನು ಬಂತು ಅಂದವ್ರೂ ಇದ್ರು, ಆ ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ.

ಕಾಮೆಂಟ್‌ನಿಂದ ರೂಲ್‌ನ ಅಕ್ಷರ ಬದಲಾಗಿದ್ದಕ್ಕೂ ಇಲ್ಲಿ ಒಂದು ಸಾಕ್ಷಿ ಇದೆ, ಅದು ನನಗೆ ತುಂಬಾ ಇಷ್ಟವಾದ ಭಾಗ. ಕರಡಿನಲ್ಲಿ "ಟ್ರಿಗರ್‌ನ ಒಂದು ಕ್ರಿಯೆ" ಅಂದ್ರೆ "ಟ್ರಿಗರ್‌ನ ಒಂದು ಎಳೆತ" ಅಂತ ಬರೆದಿದ್ರು. ಎಲ್ಲ ಟ್ರಿಗರ್ ಎಳೆಯೋದೇ ಅಲ್ಲವಲ್ಲ, ಬಟನ್ ಒತ್ತೋದು ಇದೆ, ದನಿಗೆ ಕೆಲಸ ಮಾಡೋದೂ ಇರಬಹುದು, ಅವೆಲ್ಲ ತಪ್ಪಿಸ್ಕೊಳ್ಳುತ್ತಲ್ಲ ಅನ್ನೋ ಅರ್ಥದ ಕಾಮೆಂಟ್‌ಗಳು ಬಂದ್ವು. ಅಂತಿಮ ರೂಲ್‌ನಲ್ಲಿ ಅದೇ ಜಾಗದಲ್ಲಿ "ಒಂದು ಎಳೆತ ಮತ್ತು ಅದಕ್ಕೆ ಸಮನಾದ ಚಲನೆಗಳು" ಅಂತ ಆಯ್ತು. ಎರಡು ಮೂರು ಪದ ಅಷ್ಟೇ. ಆದ್ರೆ 1,19,264 ಜನ ಬೇಕು ಅಂದಿದ್ದಕ್ಕೆ ರೂಲ್‌ನ ಒಂದು ಪದವೂ ಅಲುಗಲಿಲ್ಲ, ಯಾರೋ ಬಟನ್ ಬಗ್ಗೆ ಯೋಚನೆ ಮಾಡಿ ಬರೆದಿದ್ದಕ್ಕೆ ಫೆಡರಲ್ ನಿಯಮದ ವಾಕ್ಯವೇ ತಿದ್ದುಪಡಿ ಆಯ್ತು.

2018 ಡಿಸೆಂಬರ್ 26ಕ್ಕೆ ಅಂತಿಮ ರೂಲ್ ಪ್ರಕಟ ಆಯ್ತು, 2019 ಮಾರ್ಚ್ 26ಕ್ಕೆ ಜಾರಿ. ಅಷ್ಟರೊಳಗೆ ಮನೇಲಿರೋ ಬಂಪ್ ಸ್ಟಾಕ್ ಕತ್ತರಿಸಿ ಪುಡಿ ಮಾಡ್ಬೇಕು, ಇಲ್ಲ ಎಟಿಎಫ್ ಆಫೀಸಿಗೆ ಒಪ್ಪಿಸ್ಬೇಕು. ಪರಿಹಾರ ಒಂದು ಸೆಂಟೂ ಇಲ್ಲ, ಹಳಬರಿಗೆ ವಿನಾಯಿತಿನೂ ಇಲ್ಲ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಗನ್ ಅಂಗಡಿ ಇಟ್ಟಿರೋ ಮೈಕಲ್ ಕಾರ್ಗಿಲ್ ತಮ್ಮ ಹತ್ರ ಇದ್ದ ಎರಡನ್ನ ಪ್ರತಿಭಟನೆ ಅಂತ ಹೇಳೇ ಒಪ್ಪಿಸಿ, ಕೇಸ್ ಹಾಕಿದ್ರು. ಬೇರೆಯವ್ರೂ ಬೇರೆ ಬೇರೆ ಕಡೆ ಹಾಕಿದ್ರು. ವಾಷಿಂಗ್ಟನ್ ಡಿಸಿಯ ಅಪೀಲ್ ಕೋರ್ಟ್ ರೂಲ್‌ಗೆ ತಡೆ ಕೊಡ್ಲಿಲ್ಲ. ಸಿಕ್ಸ್ತ್ ಸರ್ಕ್ಯೂಟ್ ಅನ್ನೋ ಇನ್ನೊಂದು ಅಪೀಲ್ ಕೋರ್ಟಲ್ಲಿ ಜಡ್ಜ್‌ಗಳು ಎಂಟು ಎಂಟು ಸಮ ಆದ್ರು. ಕಾರ್ಗಿಲ್ ಕೆಳಗಿನ ಕೋರ್ಟಲ್ಲಿ ಸೋತ್ರು, ಮೂರು ಜಡ್ಜ್ ಪೀಠದ ಮುಂದೂ ಸೋತ್ರು, 2023 ಜನವರಿಯಲ್ಲಿ ಟೆಕ್ಸಸ್ ಭಾಗದ ಅಪೀಲ್ ಕೋರ್ಟ್ ಆದ ಫಿಫ್ತ್ ಸರ್ಕ್ಯೂಟ್‌ನ ಪೂರ್ಣ ಪೀಠ ಕೂತಾಗ 16ರಲ್ಲಿ 13 ಜಡ್ಜ್‌ಗಳು ಇದನ್ನ ಮಾಡೋಕೆ ಕಾಂಗ್ರೆಸ್ಸೇ ಬೇಕು ಅಂದ್ರು. ಸರ್ಕಾರ ಮೇಲಕ್ಕೆ ಹೋಯ್ತು.

2024 ಜೂನ್ 14, ಗಾರ್ಲಂಡ್ (ಆಗಿನ ಅಟಾರ್ನಿ ಜನರಲ್) ವರ್ಸಸ್ ಕಾರ್ಗಿಲ್. ಸುಪ್ರೀಂ ಕೋರ್ಟ್ 6-3ರಲ್ಲಿ ರೂಲ್ ಹೊಡೆದು ಹಾಕ್ತು. ತೀರ್ಪು ಬರೆದಿದ್ದು ಕ್ಲಾರೆನ್ಸ್ ಥಾಮಸ್. ಆ ತೀರ್ಪನ್ನ ತೆಗೆದು ನೋಡಿ, ನಡುವೆ ಟ್ರಿಗರ್ ಹ್ಯಾಮರ್ ಹೇಗೆ ಕೆಲಸ ಮಾಡುತ್ತೆ ಅಂತ ಚಿತ್ರಗಳನ್ನ ಹಾಕಿದಾರೆ, ಮೆಕ್ಯಾನಿಕ್ ಪಾಠದ ಪುಸ್ತಕದ ಥರ. ಆ ಚಿತ್ರಗಳು ಬಂದಿದ್ದು ರೂಲ್ ವಿರೋಧಿಸೋ ಒಂದು ಸಂಘಟನೆ ಕೋರ್ಟಿಗೆ ಕೊಟ್ಟ ಬರಹದಿಂದ. ತೀರ್ಪಿನ ತಿರುಳು ಅದೇ ಕಾಮೆಂಟ್‌ಗಳಲ್ಲಿದ್ದ ಮಾತು, ಪ್ರತಿ ಗುಂಡಿಗೂ ಟ್ರಿಗರ್ ರೀಸೆಟ್ ಆಗುತ್ತೆ, ಹಾಗಾಗಿ ಒಂದು ಕ್ರಿಯೆಗೆ ಒಂದೇ ಗುಂಡು, ಮೇಲಾಗಿ ಎಡಗೈ ದೂಡ್ತಾ ಇರ್ಬೇಕು, ಹಾಗಾಗಿ ತಾನಾಗಿ ಅಲ್ಲ. ಎಟಿಎಫ್‌ನ ಹಳೇ ನಿಲುವೂ ಮತ್ತೆ ಮತ್ತೆ ಬಂತು. 2018ರ ಬೇಸಿಗೇಲಿ ಕಡತಕ್ಕೆ ಹೋಗಿ ಬಿದ್ದ ವಾದ ಆರು ವರ್ಷ ಬಿಟ್ಟು ದೇಶದ ಅತಿ ದೊಡ್ಡ ಕೋರ್ಟಿನ ತೀರ್ಪಾಗಿ ಎದ್ದು ಬಂತು.

ಸೋನಿಯಾ ಸೊಟೊಮೇಯರ್ ಭಿನ್ನ ತೀರ್ಪು ಬರೆದು ಬೆಂಚಿನ ಮೇಲಿಂದಲೇ ಅದರ ಸಾರ ಓದಿದ್ರು. ಬಾತುಕೋಳಿ ಥರ ನಡೆದು, ಬಾತುಕೋಳಿ ಥರ ಈಜಿ, ಬಾತುಕೋಳಿ ಥರ ಕೂಗೋ ಹಕ್ಕಿ ಕಂಡ್ರೆ ನಾನದನ್ನ ಬಾತುಕೋಳಿ ಅಂತಾನೇ ಕರೀತೀನಿ ಅಂದ್ರು. ಗನ್ ಹಿಡಿದವನ ಕಡೆಯಿಂದ ನೋಡಿ, ಅವನು ಒಂದು ಸಲ ಬೆರಳು ಊರಿ ಮುಂದೆ ದೂಡ್ತಾನೆ, ಗುಂಡು ಬರ್ತಾನೇ ಇರುತ್ತೆ, 1934ರಲ್ಲಿ ಕಾಂಗ್ರೆಸ್ ತಡೀಬೇಕು ಅಂದಿದ್ದು ಇದನ್ನೇ ಅನ್ನೋದು ಅವರ ವಾದ. ನನಗೆ ಓದಿದಾಗ ಮನಸ್ಸು ಇವರ ಕಡೆ ವಾಲಿತು, ಈಗಲೂ ವಾಲುತ್ತೆ. ಆದ್ರೆ ಹತ್ತು ಪತ್ರ ನೆನಪಾದಾಗ ಎಟಿಎಫ್ ಪರ ಗಟ್ಟಿಯಾಗಿ ನಿಲ್ಲೋಕೆ ಕಾಲು ಬರಲ್ಲ. ಹತ್ತು ವರ್ಷ ಕೈಯಲ್ಲಿದ್ದಾಗ ಸರಿಯಾಗಿ ನೋಡದೆ ಪತ್ರ ಕೊಟ್ಟು, 58 ಹೆಣ ಬಿದ್ದ ಮೇಲೆ ವ್ಯಾಖ್ಯಾನ ಬದಲಾಯಿಸಿದ್ರೆ, ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸ್ಯಾಮ್ಯುಯೆಲ್ ಅಲಿಟೊ ಬಹುಮತದ ಜೊತೆ ಸೇರಿ ಪ್ರತ್ಯೇಕವಾಗಿ ಬರೆದ ಪುಟ್ಟ ಟಿಪ್ಪಣೀಲಿ ಇದ್ದಿದ್ದೂ ಅದೇ, ಆ ಭೀಕರ ರಾತ್ರಿಯಿಂದ ಕಾನೂನು ಬದಲಾಗಬೇಕು ಅನ್ನೋದು ಗಟ್ಟಿಯಾಯ್ತೇ ಹೊರತು ಕಾನೂನಿನ ಅಕ್ಷರ ಬದಲಾಗ್ಲಿಲ್ಲ, ಬದಲಾಯಿಸ್ಬೇಕಾದವ್ರು ಕಾಂಗ್ರೆಸ್.

ಹಾಗಾದ್ರೆ ಆ 1,19,264 ವ್ಯರ್ಥನಾ ಅಂತ ಆ ಹುಡುಗ ಕೇಳೇ ಕೇಳ್ತಾನೆ. ಬಾಗಿಲು ತಪ್ಪು ಅಂತ ನನ್ನ ಉತ್ತರ. ಏಜೆನ್ಸಿ ಬಾಗಿಲಲ್ಲಿ ತಲೆ ಎಣಿಸಲ್ಲ, ಅಲ್ಲಿ ಕೇಳೋದು ಈ ಪದಕ್ಕೆ ಏನರ್ಥ, ಖರ್ಚೆಷ್ಟು, ಯಾರು ಬಿಟ್ಟು ಹೋದ್ರು ಅಂತ. ತಲೆ ಎಣಿಸೋ ಬಾಗಿಲು ಕಾಂಗ್ರೆಸ್‌ದು. ಅಷ್ಟೂ ಜನ ತಮ್ಮ ಊರಿನ ಸಂಸದರ ಮೇಲೆ ಅದೇ ಒತ್ತಡ ಹಾಕಿದ್ರೆ, ಹಾಕ್ತಾನೇ ಇದ್ರೆ, ಫೈನ್‌ಸ್ಟೈನ್ ಬಿಲ್ ಕೂತಲ್ಲೇ ಕೂತಿರ್ತಿತ್ತಾ ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ. ರೂಲ್ ಬರುತ್ತೆ ಅಂದ ತಕ್ಷಣ ಬಿಲ್ ಬೇಕು ಅನ್ನೋ ಕೂಗು ತಣ್ಣಗಾಯ್ತು, ರೂಲ್ ಬಿದ್ದಾಗ ಕೈಯಲ್ಲಿ ಎರಡೂ ಇರ್ಲಿಲ್ಲ. ರೂಲ್ ಪರ ಇರೋರು ಮುಂದೆ ಯಾವತ್ತಾದ್ರೂ ಎಟಿಎಫ್‌ಗೆ ಕಾಮೆಂಟ್ ಬರೆದ್ರೆ ನನ್ನ ಬೇಡಿಕೆ ಇಷ್ಟೇ, ಸಂಘಟನೆಯವ್ರು ಕಳಿಸಿದ ರೆಡಿಮೇಡ್ ಪತ್ರಕ್ಕೆ ಹೆಸರು ಹಾಕಿ ಕಳಿಸಬೇಡಿ, ಕರಡನ್ನ ಓದಿ, ವ್ಯಾಖ್ಯಾನದ ಯಾವ ಪದ ಸಡಿಲ ಇದೆ ನೋಡಿ, ಎದುರು ಪಕ್ಷದವರ ಅತಿ ಗಟ್ಟಿ ವಾದ ಯಾವುದು ಅಂತ ಹುಡುಕಿ ಅದಕ್ಕೆ ಉತ್ತರ ಬರೀರಿ. ರೀಸೆಟ್ ಬಗ್ಗೆ ಎದುರಿನವ್ರು ಬರೆದಷ್ಟು ವಿವರವಾಗಿ ನಮ್ಮ ಕಡೆಯವ್ರು ಬರೀಲಿಲ್ಲ, ಅದು ನನಗೆ ಇವತ್ತಿಗೂ ನೋವು.

ತೀರ್ಪು ಬಂದ ನಾಲ್ಕು ದಿನಕ್ಕೆ, ಜೂನ್ 18ಕ್ಕೆ, ಸೆನೆಟ್‌ನಲ್ಲಿ ಬಂಪ್ ಸ್ಟಾಕ್ ನಿಷೇಧದ ಬಿಲ್‌ನ ಸರ್ವಾನುಮತದಿಂದ ಪಾಸ್ ಮಾಡೋಣ ಅಂತ ಡೆಮಾಕ್ರಾಟ್‌ಗಳು ತಂದ್ರು. ಆ ಪದ್ಧತೀಲಿ ಒಬ್ಬರು ಬೇಡ ಅಂದ್ರೂ ಮುಗೀತು. ನೆಬ್ರಾಸ್ಕಾದ ಪೀಟ್ ರಿಕೆಟ್ಸ್ ಎದ್ದು ಆಕ್ಷೇಪ ಅಂದ್ರು, ಅಲ್ಲಿಗೆ ನಿಂತಿತು. ಇತ್ತ ಲಾಸ್ ವೇಗಸ್ ಇರೋ ನೆವಾಡಾ ರಾಜ್ಯದ ಶಾಸನಸಭೆ ಎಟಿಎಫ್‌ನ ನಂಬ್ಕೊಂಡು ಕೂರದೆ 2019ರಲ್ಲೇ ತನ್ನದೇ ಕಾನೂನು ಮಾಡಿತ್ತು, ಸುಪ್ರೀಂ ಕೋರ್ಟ್ ತೀರ್ಪು ಅದನ್ನ ಮುಟ್ಟಲಿಲ್ಲ. ಆ ಗುಂಡು ಹಾರಿದ ಲಾಸ್ ವೇಗಸ್‌ನಲ್ಲಿ ಇವತ್ತೂ ಬಂಪ್ ಸ್ಟಾಕ್ ಮಾರೋ ಹಾಗಿಲ್ಲ.